ಪದ್ಮಯ್ಯನ ಕಣದ ಬಿರುಕು

ಸುಂಟಿಕೊಪ್ಪದ ಪದ್ಮಯ್ಯನ ಕಾಫಿ ಒಣಗಿಸುವ ಕಣದಲ್ಲಿ ಬೆಳಗಾಗುವಷ್ಟರಲ್ಲಿ ಒಂದು ಬಿರುಕು ಕಾಣಿಸಿಕೊಂಡಿತು. ಹೋದ ತಿಂಗಳಷ್ಟೇ ಸಿಮೆಂಟು ಹಾಕಿಸಿದ ಕಣ. ಹೆಂಡತಿ ಯಮುನ ನೋಡುವ ಮೊದಲೇ ಮುಚ್ಚಿಬಿಡೋಣವೆಂದು ಅವನು ಗೋಣಿಚೀಲ ತರುವಷ್ಟರಲ್ಲಿ, ಪಕ್ಕದ ಮನೆಯ ನಿವೃತ್ತ ಭೂಗೋಳದ ಟೀಚರ್ ತಂಗಮ್ಮ ಬೇಲಿಯಾಚೆಯಿಂದ ನೋಡಿಯೇಬಿಟ್ಟರು.

“ಅಯ್ಯೋ ಪದ್ಮಯ್ಯ, ಭೂಮಿಯೇ ಒಡೀತಾ ಉಂಟು!”

ತಂಗಮ್ಮ ನೆಟ್ಟಗೆ ಅಡುಗೆಮನೆಗೆ ನುಗ್ಗಿ ಒಲೆಯ ಮೇಲಿನ ಹಾಲು ತೋರಿಸಿದರು. “ನೋಡು ಯಮುನ, ಒಳಗೆ ಕುದಿಯುವಾಗ ಮೇಲಿನ ಕೆನೆ ಒಡೀತದಲ್ಲ, ಭೂಮಿಯೂ ಹಾಗೇ. ಒಳಗಿನ ಬಿಸಿಗೆ ಅಡಿಯ ಕಲ್ಲು ನಿಧಾನ ಕದಲ್ತದೆ. ಮೇಲಿನ ಚಿಪ್ಪು ಎಳೆದಾಡಿ ಪ್ಲೇಟು ಪ್ಲೇಟಾಗಿ ಒಡೀತದೆ. ನಿಮ್ಮ ಕಣ ಅಂಥ ಪ್ಲೇಟಿನ ಅಂಚಲ್ಲೇ ಉಂಟು!”

ಅಷ್ಟರಲ್ಲಿ ಹಾಲು ಉಕ್ಕಿತು. ಯಮುನ ಅಟ್ಟದ ಮೇಲಿನ ಪೆಟ್ಟಿಗೆ ಕೆಳಗಿಳಿಸಿದಳು. “ಪೊನ್ನಂಪೇಟೆಗೆ, ಉದಯಣ್ಣನ ಮನೆಗೆ ಹೋಗಿಬಿಡುವ.”

ಪದ್ಮಯ್ಯ ಗೋಣಿಚೀಲ ಕೆಳಗೆ ಹಾಕಿದ. ಭೂಮಿ ಒಡೆದರೂ ಸಹಿಸಬಹುದು, ಭಾವನ ಮನೆ ಬೇಡ. ಬೆಳಿಗ್ಗೆ ಐದಕ್ಕೆ ಎಬ್ಬಿಸಿ ಯೋಗ ಮಾಡಿಸಿ, ಹಾಗಲಕಾಯಿ ರಸ ಕುಡಿಸುವ ಮನುಷ್ಯ ಆತ. ಹಂದಿಮಾಂಸದ ಹೆಸರೆತ್ತಿದರೆ ಒಂದು ಗಂಟೆ ಉಪದೇಶ. ಹೋದ ತಿಂಗಳು ಯಮುನ ಅಲ್ಲಿಗೆ ವಾರದ ಮಟ್ಟಿಗೆ ಹೊರಟಾಗ, “ಹೊಸ ಕಣಕ್ಕೆ ದಿನಾ ನೀರು ಹಾಕ್ಬೇಕಲ್ಲ” ಎಂದು ಇವನು ಹೇಗೋ ಪಾರಾಗಿದ್ದ.

ಈಗ ಪೆಟ್ಟಿಗೆ, ಹಾಸಿಗೆ, ಕೋಳಿಬುಟ್ಟಿ ಎಲ್ಲ ಜೀಪು ಹತ್ತಿದವು. ಪದ್ಮಯ್ಯ ತಂಗಮ್ಮನಿಗೆ ಕೈಮುಗಿದ. “ಟೀಚರೇ, ಗೊತ್ತಿದ್ದವರನ್ನು ಒಂದು ಸಲ ಕೇಳಿ ಮಾರಾಯ್ರೆ.”

ತಂಗಮ್ಮನ ಹಳೇ ವಿದ್ಯಾರ್ಥಿನಿ ಮೋನಿಷಾ ಭೂವಿಜ್ಞಾನಿ. ಗುಡ್ಡ ಪರೀಕ್ಷಿಸಲು ಹತ್ತಿರಕ್ಕೇ ಬಂದಿದ್ದವಳು ಫೋನು ಮಾಡಿದ ಕೂಡಲೇ ಬಂದಳು. ಬಿರುಕಿನ ಪಕ್ಕ ಕೂತು, ಸುತ್ತಿಗೆಯಿಂದ ತಟ್ಟಿ, ಒಂದು ಚೂರು ಎಬ್ಬಿಸಿ ನೋಡಿ ನಕ್ಕಳು.

“ಪ್ಲೇಟಿನ ಅಂಚು ಇಲ್ಲಿಂದ ಎಷ್ಟೋ ದೂರ ಟೀಚರ್. ಅಡಿಯ ಮಣ್ಣು ಗಟ್ಟಿ ಉಂಟು. ಒಡೆದದ್ದು ಸಿಮೆಂಟು ಮಾತ್ರ.”

ಪದ್ಮಯ್ಯನಿಗೆ ಹೋದ ಜೀವ ಬಂದಂತಾಯಿತು. ಅವಳಿಗೆ ಎರಡೆರಡು ಸಲ ಕಾಫಿ ಕೊಟ್ಟ. ಸಿಳ್ಳೆ ಹಾಕುತ್ತಾ ಪೆಟ್ಟಿಗೆ ಇಳಿಸಿದ, ಕೋಳಿಗಳನ್ನು ಬಿಟ್ಟ.

ತಂಗಮ್ಮ ಮಾತ್ರ ಸೋಲೊಪ್ಪಲು ತಯಾರಿರಲಿಲ್ಲ. “ಹಾಗಾದ್ರೆ ಸಿಮೆಂಟು ಒಡೆದದ್ದು ಯಾಕೆ?”

“ಹಾಕಿದ ಮೇಲೆ ಒಂದು ವಾರ ಯಾರೂ ನೀರೇ ಹಾಕಿದ ಹಾಗಿಲ್ಲ.”

ಸಿಳ್ಳೆ ನಿಂತಿತು. ಯಮುನ ಗಂಡನನ್ನು ಒಮ್ಮೆ ನೋಡಿ, ಫೋನು ತೆಗೆದಳು.

“ಉದಯಣ್ಣ, ನಾವು ಬರುವುದಿಲ್ಲ, ನೀನೇ ಬಾ. ಕಣ ಹೊಸತಾಗಿ ಮಾಡಿಸ್ಬೇಕು, ನೀರು ಹಾಕ್ಲಿಕ್ಕೆ ನಂಬುವಂಥ ಜನ ಬೇಕು. ಒಂದು ತಿಂಗಳು ಇದ್ದು ಹೋಗು. ಹಾಗಲಕಾಯಿ ಇಲ್ಲಿಯೂ ಸಿಗ್ತದೆ.”

ಪದ್ಮಯ್ಯ ಆಸೆಯಿಂದ ಬಿರುಕಿನತ್ತ ನೋಡಿದ. ಒಬ್ಬ ಮನುಷ್ಯ ಇಳಿಯುವಷ್ಟು ಅಗಲವಿರಲಿಲ್ಲ.