ಇಂಟರ್‌ವಲ್‌ವರೆಗಿನ ಮಾವ

ಈ ವಾರ ಅರ್ಧ ಸಿನಿಮಾದ ಕಥೆ ಹೇಳಲು ನನಗೆ ಬಿದ್ದ ಖರ್ಚು ಇಷ್ಟು: ಹಾಸನದಿಂದ ಚನ್ನರಾಯಪಟ್ಟಣಕ್ಕೆ ಹೋಗಿಬರುವ ಬಸ್ ಚಾರ್ಜು, ಅರ್ಧ ಕೆಜಿ ಖಾರಾಬೂಂದಿ, ಜೊತೆಗೆ ಕೈತಪ್ಪಿದ ಒಂದು ಬೈಕ್ ವ್ಯಾಪಾರ. ಹಳೇ ಬೈಕು ಕೊಂಡು ಮಾರಿ ತಲೆಯೆತ್ತಿದ ನಾನು ಇಂಥ ಲುಕ್ಸಾನಿಗೆ ಕೈಹಾಕುವವನೇ? ಎಲ್ಲ ನಮ್ಮ ಸೋದರಮಾವನ ಕೃಪೆ! ನಮ್ಮ ಕಡೆ ಅವರಷ್ಟು ಸಿನಿಮಾ ನೋಡಿದವರಿಲ್ಲ. ಆದರೆ ಅವರು ಪೂರ್ತಿ ನೋಡಿದ ಸಿನಿಮಾ ಒಂದೂ ಇಲ್ಲ!

ಪ್ರತಿ ಶನಿವಾರ ಬೆಳಿಗ್ಗೆ ಫೋನು ಬರುತ್ತದೆ. ಆ ವಾರ ಅವರಿಗೆ ಹಿಡಿಸಿದ ಸಿನಿಮಾ, ಕಾಮಿಡಿ, ಹಾಡು, ಪುಸ್ತಕಗಳ ಶಿಫಾರಸು.

"ಲೇ, ಏನ್ ಸಿನ್ಮಾ ಕಣ್ಲಾ! ಬುಡ್ದೆ ನೋಡು."

"ಕೊನೆಗೆ ಏನಾಗುತ್ತೆ ಮಾವ?"

"ನಂಗೇನ್ಲಾ ಗೊತ್ತು? ಇಂಟ್ರುವಲ್ಲಿಗೇ ಎದ್ಬುಟ್ಟೆ."

ಎದ್ದದ್ದು ಎಲ್ಲಿಂದ? ಮನೆಯ ಕುರ್ಚಿಯಿಂದ! ನೋಡಿದ್ದು ಮೊಬೈಲಿನಲ್ಲಿ. ಇಂಟರ್‌ವಲ್ ಇಲ್ಲದ ಸಿನಿಮಾ ಬಂದರೆ ಪರದೆಯ ಕೆಳಗಿನ ಗೆರೆಯನ್ನು ಬೆರಳಲ್ಲಿ ಅಳೆದು, ಸರಿಯಾಗಿ ನಡುವೆ ನಿಲ್ಲಿಸುತ್ತಾರೆ. ಪುಸ್ತಕವಾದರೆ ನಡುಪುಟಕ್ಕೆ ಬಸ್ ಟಿಕೆಟ್ ಸಿಕ್ಕಿಸಿ ನನಗೆ ದಾಟಿಸುತ್ತಾರೆ. ಹಾಡು ಒಂದು ಚರಣಕ್ಕೇ ಬಂದ್! ಕಾಮಿಡಿಯಂತೂ ಕೇಳಬೇಡಿ, ಎರಡು ನಿಮಿಷದ ತುಣುಕನ್ನು ಒಂದೇ ನಿಮಿಷ ನೋಡಿ ಕಳಿಸುತ್ತಾರೆ.

"ನಗು ಬರೋದೇ ಆಮೇಲೆ ಅಲ್ವಾ ಮಾವ?"

"ಅದ್ಕೇ ಕಣ್ಲಾ ನಿಂಗ್ ಕಳ್ಸಿರೋದು. ನೀನ್ ನಕ್ಬುಟ್ಟು ನಂಗೇಳು."

ಈ ಚಟದ ಮೂಲ ಅವರ ಹಿಟ್ಟಿನ ಗಿರಣಿ. ಪಕ್ಕದಲ್ಲೇ ಟೆಂಟ್ ಸಿನಿಮಾ. ಗಿರಣಿ ನಿಲ್ಲಿಸುವಂತಿಲ್ಲ, ಸಿನಿಮಾ ಬಿಡುವಂತಿಲ್ಲ. ಅದಕ್ಕೆ ಒಂದೇ ಟಿಕೆಟ್ಟು! ಮೊದಲರ್ಧ ಮಾವ, ಉಳಿದರ್ಧ ಅತ್ತೆ. ಗೇಟಿನವನ ಮನೆಯ ರಾಗಿಯನ್ನು ಸರದಿ ತಪ್ಪಿಸಿ ಬೀಸಿಕೊಡುತ್ತಿದ್ದರಿಂದ ಅವನು ತುಟಿ ಬಿಚ್ಚುತ್ತಿರಲಿಲ್ಲ. ಇಂಟರ್‌ವಲ್‌ನಲ್ಲಿ ಮಾವ ಟಿಕೆಟ್ಟಿನ ಚೂರು, ಅರ್ಧ ತಿಂದ ಖಾರಾಬೂಂದಿ ಪೊಟ್ಟಣ ಎರಡನ್ನೂ ಅತ್ತೆಯ ಕೈಗಿತ್ತು, ಮೊದಲರ್ಧದ ಕಥೆ ಹೇಳಿ ಗಿರಣಿಯ ಬೆಲ್ಟು ಹಾಕಲು ಓಡುತ್ತಿದ್ದರು. ಉಳಿದರ್ಧವನ್ನು ಅತ್ತೆ ಊಟ ಬಡಿಸುತ್ತಾ ಹೇಳುತ್ತಿದ್ದರು. ಇಂಥ ವ್ಯಾಪಾರಬುದ್ಧಿ ನನಗೂ ಹೊಳೆದಿಲ್ಲ, ನೋಡಿ!

ಅತ್ತೆ ಹೋಗಿ ಮೂರು ವರ್ಷವಾಯಿತು. ಮಾವ ಮಾತ್ರ ಈಗಲೂ ಅರ್ಧಕ್ಕೇ ಏಳುತ್ತಾರೆ. ಉಳಿದರ್ಧ ನೋಡಿ ಹೇಳುವ ಕೆಲಸ ನನ್ನ ಪಾಲಿಗೆ ಬಿದ್ದಿದೆ. ಮೊನ್ನೆ ಶನಿವಾರ ನಾನು ಹಿಂದಿನ ವಾರದ ಸಿನಿಮಾದ ಕಥೆಯನ್ನು ಫೋನಿನಲ್ಲೇ ಮುಗಿಸಿದೆ: "ವಿಲನ್ ಜೈಲಿಗೆ ಹೋದ, ಮದುವೆ ಆಯ್ತು, ಅಷ್ಟೇ."

"ಅಷ್ಟೇಯ? ಇದೇನ್ ಬೈಕ್ ವ್ಯಾಪಾರವೇನ್ಲಾ, ಎಲ್ಡ್ ಮಾತ್ಗೆ ಮುಗ್ಸಾಕೆ?" ಫೋನು ಕಟ್! ಮತ್ತೆ ಮಾಡಿದರೆ ಎತ್ತಲಿಲ್ಲ.

ಭಾನುವಾರ ಗಿರಾಕಿಯನ್ನು ಬಿಟ್ಟು ಬಸ್ ಹತ್ತಿದೆ. ಹೋದವನೇ ಕೇಳಿದೆ, "ಅಲ್ಲ ಮಾವ, ಫೋನು ಕೈಯಲ್ಲೇ ಇದೆ. ನೀವೇ ಪೂರ್ತಿ ನೋಡಬಾರದಾ?"

ನಾನು ತಂದ ಖಾರಾಬೂಂದಿಯನ್ನು ಮೆಲ್ಲುತ್ತಿದ್ದವರು ಪೊಟ್ಟಣದಿಂದ ಕೈ ತೆಗೆದರು.

"ನಾನೇ ನೋಡ್ಬುಟ್ರೆ ನಿಮ್ಮತ್ತೆ ಪಾಲು ಎಲ್ಲೋಯ್ತದ್ಲಾ?"

ಮಾವ ಅರ್ಧ ಉಳಿದ ಪೊಟ್ಟಣವನ್ನು ಮಡಚಿ ನನ್ನ ಕೈಗಿತ್ತರು. "ತಗಾ. ಈಗೇಳು."

ಹೇಳಿದೆ. ಹೊಡೆದಾಟಕ್ಕೆ ಎದ್ದು ನಿಂತೆ, ನಾಯಕಿಯ ಅಳುವನ್ನೂ ಅತ್ತು ತೋರಿಸಿದೆ. ಅದರಲ್ಲಿ ಎಷ್ಟು ನಟನೆಯೋ ನನಗೇ ಗೊತ್ತಾಗಲಿಲ್ಲ.

ಅದಕ್ಕೇ ನನ್ನ ಸಲಹೆ: ವಯಸ್ಸಾದವರು ಯಾವುದಾದರೂ ಸಿನಿಮಾ ನೋಡು ಅಂದರೆ ಮರೆಯದೆ ನೋಡಿ. ಕಥೆಯನ್ನು ಫೋನಿನಲ್ಲಿ ಮುಗಿಸಬೇಡಿ, ಬಸ್ ಹತ್ತಿ. ಅರ್ಧ ಪೊಟ್ಟಣ ಕೈಗಿತ್ತರೆ ಚೌಕಾಶಿ ಮಾಡದೆ ತಿನ್ನಿ.