ಎರಡನೇ ನಳದ ಲೆಕ್ಕ

ಎಪ್ಪತ್ತರ ದಶಕದ ಒಂದು ಬೇಸಿಗೆ. ಬೆಳಗಿನ ಶಾಲೆ ಬಿಟ್ಟ ಮೇಲೆ ನಾನು ತಿಕೋಟಾದಲ್ಲಿ, ನೆರೆಮನೆಯ ಹಸನಸಾಬರ ಸಿಮೆಂಟ್ ತೊಟ್ಟಿಯ ಎಡಬದಿಗೆ, ಕೈಯಲ್ಲಿ ನಳದ ತುಂಡು ಹಿಡಿದು ನಿಂತಿದ್ದೆ. ಮರುದಿನ ಅವರ ಮಗಳು ರಾಬಿಯಾಳ ಮದುವೆ. ನಮ್ಮ ಓಣಿಯ ಬಾವಿಗಳೆಲ್ಲ ಸವುಳು. ಆ ನೀರಿನಲ್ಲಿ ಬೇಳೆ ಬೇಯುವುದಿಲ್ಲ. ಹಾಗಾಗಿ ಅಡುಗೆಗೆಂದು ಹಸನಸಾಬರು ದೂರದ ಬಾವಿಯಿಂದ ಬಂಡಿಯಲ್ಲಿ ಸಿಹಿ ನೀರು ತರಿಸಿದ್ದರು.

"ಮಾಸ್ತರ, ನಾ ವಿಜಾಪುರಕ್ಕ ಸಂತಿಗೆ ಹೊಂಟೀನಿ. ಬಂಡಿ ನೀರು ಟಾಕಿಗೆ ಇಳಿಸಿಕೊಳ್ರಿ. ನೀವಿದ್ರ ನನಗ ಚಿಂತಿಲ್ಲ," ಎಂದು ಹೋದರು.

ಚಿಂತೆ ಇರಬೇಕಿತ್ತು!

ನಾನು ಗಣಿತ ಕಲಿಸುವವನು. ಎರಡು ನಳ ಸೇರಿ ಒಂದು ತೊಟ್ಟಿಯನ್ನು ಎಷ್ಟು ಹೊತ್ತಿನಲ್ಲಿ ತುಂಬುತ್ತವೆ ಎಂಬ ಲೆಕ್ಕ ನನ್ನ ಮಕ್ಕಳ ತಲೆಗೆ ಹತ್ತಿರಲಿಲ್ಲ. ಇಲ್ಲಿ ತೊಟ್ಟಿಯೇ ಸಿಕ್ಕಿತ್ತು. ಮಕ್ಕಳನ್ನು ಕರೆಸಿದೆ. ಬಂಡಿಯ ಪೀಪಾಯಿಗೆ ಒಂದು ನಳ. ಎರಡನೆಯದು? ಲೆಕ್ಕಕ್ಕೆ ಎರಡು ಬೇಕೇ ಬೇಕು! ನಮ್ಮ ಮಾಳಿಗೆಯ ಮೇಲಿನ ಪೀಪಾಯಿಯಿಂದ ಎಳೆದೆವು. ಮಕ್ಕಳು ನಳ ಅಳೆದರು, ಕೊಯ್ದರು, ಸೇರಿಕೆಗೆ ಸೆಣಬಿನ ಎಳೆ ಸುತ್ತಿ ಸಫೇದ ಎಂಬ ಬಿಳಿ ಅಂಟು ಬಳಿದರು. ಒಂದು ಹನಿಯೂ ಸೋರಲಿಲ್ಲ. ಸುಮಂಗಲಾ ಎಂಬ ಹುಡುಗಿ ಲೆಕ್ಕ ಹಾಕಿ ಹೇಳಿದ ನಿಮಿಷಕ್ಕೇ ತೊಟ್ಟಿ ತುಂಬಿತು. ಚಪ್ಪಾಳೆ!

ಚಪ್ಪಾಳೆ ಕೇಳಿ ನನ್ನ ಹೆಂಡತಿ ಗಿರಿಜಾ ಹೊರಬಂದಳು.

"ಏನ್ರಿ, ಆ ಎರಡನೇ ನಳ ಎಲ್ಲಿಂದ ಬಂದೈತಿ?"

"ನಮ್ಮ ಮಾಳಗಿ ಮ್ಯಾಲಿಂದ."

ಅವಳು ಕಟ್ಟೆಯ ಮೇಲೆ ಕುಳಿತುಬಿಟ್ಟಳು. "ಯವ್ವಾ! ಅದು ನಮ್ಮ ಬಾವಿ ನೀರಲ್ರಿ! ಟಾಕಿ ತುಂಬ ಸವುಳು ಮಾಡಿಟ್ರಲ್ಲಾ!"

ನಾನು ಒಂದು ಬೊಗಸೆ ಕುಡಿದು ನೋಡಿದೆ. ಲೆಕ್ಕದ ಪುಸ್ತಕದ ನೀರಿಗೆ ರುಚಿ ಇರುವುದಿಲ್ಲ. ಇದಕ್ಕೆ ಇತ್ತು. ಮತ್ತೊಂದು ಬಂಡಿ ತರಿಸೋಣವೆಂದರೆ, ಸಿಹಿ ಬಾವಿಯ ತಳ ಕಂಡಿದೆ ಎಂದ ಬಂಡಿಯವನು. ಸಂಜೆ ಹಸನಸಾಬರಿಗೆ ಎಲ್ಲ ಹೇಳಿದೆ. ಅವರು ತೊಟ್ಟಿಯಿಂದ ಒಂದು ಬೊಗಸೆ ಎತ್ತಿ ಬಾಯಿಗಿಟ್ಟು, ಉಗುಳಿದರು.

ಮರುದಿನ ನಸುಕಿನಿಂದ ದಾಲ್ಚಾದ ಬೇಳೆ ಕುದಿಯಿತು. ಕುದಿಯಿತು, ಬೇಯಲಿಲ್ಲ. ಬಬಲೇಶ್ವರದ ಬೀಗರು ಊಟಕ್ಕೆ ಕುಳಿತರು. ವರನ ಸೋದರಮಾವ ಒಂದು ತುತ್ತು ಬಾಯಿಗಿಟ್ಟರು. ಕಟಕ್ ಎಂದ ಸದ್ದು ನಾನು ನಿಂತಲ್ಲಿಗೇ ಕೇಳಿಸಿತು.

"ಹಸನಸಾಬ, ಇದು ದಾಲ್ಚಾನೋ, ಗೋಲಿಗುಂಡೋ?"

ಕುಳಿತವರೆಲ್ಲ ನಕ್ಕರು. ಹಸನಸಾಬರು ನಗಲಿಲ್ಲ. ನನ್ನ ಬಳಿ ಬಂದು ಮೆಲ್ಲಗೆ ಕೇಳಿದರು: "ಲೆಕ್ಕ ಬರೋಬ್ಬರಿ ಬಂತೇನ್ರಿ, ಮಾಸ್ತರ?"

"ಬಂತ್ರಿ," ಎಂದೆ. ಸುಳ್ಳು ಹೇಳುವ ಧೈರ್ಯವೂ ಇರಲಿಲ್ಲ.

ರಾಬಿಯಾಳನ್ನು ಗಂಡನ ಮನೆಯಲ್ಲಿ ಬಹಳ ವರ್ಷ 'ಬೇಯಲಾರದ ಬ್ಯಾಳಿ ಮನಿಯಾಕಿ' ಎಂದೇ ಕರೆದರು.

ಹಸನಸಾಬರು ಈಗಿಲ್ಲ. ಆ ಸೋದರಮಾವನೂ ಇಲ್ಲ. ಕಣ್ಣಾರೆ ಕಂಡವರಲ್ಲಿ ನನಗೆ ಗೊತ್ತಿದ್ದಂತೆ ಉಳಿದವರು ಗಿರಿಜಾ, ಸುಮಂಗಲಾ, ರಾಬಿಯಾ. ತವರಿಗೆ ಬಂದಾಗಲೆಲ್ಲ ರಾಬಿಯಾ ನಮ್ಮ ಮನೆಗೂ ಬರುತ್ತಾಳೆ. ನಾನೇ ನೀರು ಕೊಡುತ್ತೇನೆ. ಅವಳು ಲೋಟ ಹಿಡಿದು ನನ್ನ ಮುಖ ನೋಡುತ್ತಾಳೆ.

"ಮಾಸ್ತರ ಕಾಕಾ, ಮೊದಲ ನೀವು ಒಂದು ಗುಟುಕು ಕುಡೀರಿ."

ಕುಡಿಯುತ್ತೇನೆ.