ಬಿಲ್ಲೆಗೆ ಒಂದು ಸೇರು ಉಪ್ಪು

ಎರಡನೇ ಮಹಾಯುದ್ಧ ಇನ್ನೂ ಮುಗಿದಿಲ್ಲ ಎಂದರೆ ನಂಬುತ್ತೀರಾ? ಹೊಸಕೋಟೆಯ ನಮ್ಮ ಚಿಕ್ಕಪ್ಪನ ದಿನಸಿ ಅಂಗಡಿಗೆ ಬನ್ನಿ, ನಂಬುತ್ತೀರಿ!

ಯುದ್ಧದ ಕಾಲದಲ್ಲಿ ಪೇಟೆಯಿಂದ ಚಿಲ್ಲರೆ ಕಾಸೆಲ್ಲ ಮಾಯವಾಗಿತ್ತಂತೆ. ನಮ್ಮ ತಾತ ಸುಮ್ಮನೆ ಕೂರುವ ಆಸಾಮಿಯಲ್ಲ. ಹಿತ್ತಾಳೆ ಬಿಲ್ಲೆಗಳ ಮೇಲೆ ತಕ್ಕಡಿಯ ಗುರುತು ಹೊಡೆಸಿ, ಚಿಲ್ಲರೆಯ ಬದಲು ಅವನ್ನೇ ಕೊಡತೊಡಗಿದರು. ಬಿಲ್ಲೆ ವಾಪಸು ತಂದವರಿಗೆ ಒಂದು ಸೇರು ಉಪ್ಪು. ಯುದ್ಧ ಮುಗಿಯಿತು, ತಾತನೂ ಹೋದರು. ಚಿಕ್ಕಪ್ಪ ಮಾತ್ರ ಅಪ್ಪನ ಮಾತನ್ನು ಬಿಟ್ಟಿಲ್ಲ. ಗಿರಾಕಿಗಳೆಲ್ಲ ಫೋನಿನಲ್ಲೇ ದುಡ್ಡು ಕಳಿಸುವ ಈ ಕಾಲದಲ್ಲೂ, ಬಿಲ್ಲೆಯವರಿಗೆಂದು ಉಪ್ಪಿನ ಮೂಟೆಯೊಂದು ಬೇರೆಯೇ ಇರಬೇಕು!

ಮಗಳ ಧಾರೆ ಮುಗಿಯುತ್ತಿದ್ದಂತೆ ಊಟಕ್ಕೂ ನಿಲ್ಲದೆ ಅಂಗಡಿಗೆ ಓಡಿದ ತಂದೆಯನ್ನು ಕಂಡಿದ್ದೀರಾ? ನಾನು ಕಂಡಿದ್ದೇನೆ. "ಯಾರಾದ್ರೂ ಬಿಲ್ಲೆ ತಂದ್ಬಿಟ್ರೆ ಏನ್ಲಾ ಗತಿ?" ಎನ್ನುತ್ತಾ ಚಿಕ್ಕಪ್ಪ ಹೋದರು. ಬೀಗರಿಗೆ ಸಮಾಧಾನ ಹೇಳುವ ಕೆಲಸ ನನ್ನ ಪಾಲಿಗೆ ಬಂತು.

ಇನ್ನೊಮ್ಮೆ ದೇವನಹಳ್ಳಿಯಿಂದ ಹಳೇ ನಾಣ್ಯದ ಹುಚ್ಚಿನವನೊಬ್ಬ ಬಂದ.

"ಒಂದ್ ಬಿಲ್ಲೆ ಕೊಡಿ ಯಜಮಾನ್ರೇ, ಕೇಳಿದಷ್ಟು ಕೊಡ್ತೀನಿ."

"ಬಿಲ್ಲೆ ತಂದ್ರೆ ಉಪ್ಪು ಕೊಡ್ತೀನಪ್ಪಾ. ದುಡ್ಡು ತಂದಿದ್ರೆ ಬೇಳೆ ತಗೊಂಡೋಗು."

ಪುಣ್ಯಾತ್ಮ ತೊಗರಿಬೇಳೆ ಕಟ್ಟಿಸಿಕೊಂಡು ಹೋದ!

ಚಿಕ್ಕಪ್ಪನ ಮಂಡಿನೋವು ಹೆಚ್ಚಾದ ಮೇಲೆ ಅಂಗಡಿ ಮುಚ್ಚಿ ಎಂದು ಚಿಕ್ಕಮ್ಮ ಹಟ ಹಿಡಿದರು. ಎಷ್ಟೋ ವರ್ಷದಿಂದ ಒಂದು ಬಿಲ್ಲೆಯೂ ಬಂದಿರಲಿಲ್ಲ. ಆ ಧೈರ್ಯದ ಮೇಲೆ ಚಿಕ್ಕಪ್ಪ, "ಇನ್ನೊಂದೇ ಒಂದು ಬರ್ಲಿ ಕಣೇ, ಅವತ್ತೇ ಬಾಗಿಲು ಹಾಕ್ಬಿಡ್ತೀನಿ" ಎಂದುಬಿಟ್ಟರು. ಚಿಕ್ಕಮ್ಮ ಸಾಮಾನ್ಯರೇ? ಕಂಡಕಂಡವರನ್ನು ವಿಚಾರಿಸಿ, ಬಿಲ್ಲೆ ಇಟ್ಟುಕೊಂಡಿದ್ದ ಅನುಗೊಂಡನಹಳ್ಳಿಯ ಅಜ್ಜಿಯೊಬ್ಬರನ್ನು ಪತ್ತೆಹಚ್ಚಿ, ಬಸ್ಸು ಹತ್ತಿಸಿ ಕರೆತಂದೇಬಿಟ್ಟರು. ಕೈಯಲ್ಲಿ ಹೊಸ ಬೀಗ ಬೇರೆ!

ಅಜ್ಜಿ ಸೆರಗಿನ ಗಂಟು ಬಿಚ್ಚಿದರು. "ನಮ್ಮತ್ತೆ ದೇವ್ರ ಗೂಡಲ್ಲಿ ಇಟ್ಟಿದ್ರು ಕಣಪ್ಪಾ."

ಚಿಕ್ಕಪ್ಪ ಬಿಲ್ಲೆಗೆ ಅಂಟಿದ್ದ ಕುಂಕುಮವನ್ನು ಮೆಲ್ಲಗೆ ಒರೆಸಿ, ತಮ್ಮಪ್ಪನ ಗುರುತನ್ನು ನೋಡಿದರು. ಆಮೇಲೆ ಬೀಗವನ್ನು ನೋಡಿದರು. ಪಾಪ, ಮಾತು ಕೊಟ್ಟಿದ್ದರಲ್ಲ! ಉಪ್ಪು ಅಳೆದು ಕೊಟ್ಟರು. ಬಂದದ್ದಕ್ಕೆ ಒಂದಚ್ಚು ಬೆಲ್ಲವೂ ಇರಲಿ ಎಂದು ಅಜ್ಜಿ ನೋಟು ಮುಂದೆ ಮಾಡಿದರು. ಚಿಕ್ಕಪ್ಪ ಗಲ್ಲಾಪೆಟ್ಟಿಗೆಯಲ್ಲಿ ಬಹಳ ಹೊತ್ತು ಕೈಯಾಡಿಸಿದರು. ಅದರ ತುಂಬ ಚಿಲ್ಲರೆ ಇದ್ದದ್ದು ನಮಗೆಲ್ಲ ಕಾಣುತ್ತಿತ್ತು.

"ಚಿಲ್ಲರೆ ಇಲ್ಲ ತಾಯಿ, ಇದನ್ನೇ ಇಟ್ಕೊಳಿ" ಎಂದು ಬಿಲ್ಲೆಯನ್ನು ಅಜ್ಜಿಯ ಕೈಗೇ ಹಾಕಿದರು. "ಉಪ್ಪು ಮುಗಿದ್ಮೇಲೆ ಬನ್ನಿ. ನಾನಿಲ್ಲೇ ಇರ್ತೀನಿ."

ಚಿಕ್ಕಮ್ಮ ಬೀಗವನ್ನು ಪಕ್ಕಕ್ಕಿಟ್ಟು, ಒಳಗಿನಿಂದ ದಿಂಬು ತಂದು ಚಿಕ್ಕಪ್ಪನ ಮಂಡಿಯ ಕೆಳಗೆ ಇಟ್ಟರು.